ಅಡುಗೆಮನೆಯೊಳಗೆ ಬಂದ ಚಪ್ಪಲಿ

ಮದುವೆ ಅಡುಗೆಯವನ ಕೈಯನ್ನು ಊರೆಲ್ಲ ಹೊಗಳುತ್ತದೆ, ಕಾಲನ್ನು ಯಾರೂ ನೋಡುವುದಿಲ್ಲ. ನೋಡಲು ಕಾರಣವೂ ಇಲ್ಲ ಬಿಡಿ, ಹುಳಿಯ ರುಚಿ ಕಾಲಿನಿಂದ ಬರುವುದಿಲ್ಲ. ಆದರೆ ನನ್ನ ಬದುಕಿನಲ್ಲಿ ನಾಲ್ಕೈದು ವರ್ಷ ಕಾಲಿನದೇ ಕಾರುಬಾರು ನಡೆಯಿತು. ಈಗ ನನಗೆ ಅರವತ್ತು ದಾಟಿದೆ. ಬಲಗಾಲಿನ ಹರಡು, ಅಂದರೆ ಪಾದವೂ ಕಾಲೂ ಸೇರುವ ಗಂಟು, ಪೂರ್ತಿ ಬಗ್ಗುವುದಿಲ್ಲ. ವಾರಕ್ಕೊಮ್ಮೆ ಮಾತ್ರೆ ನುಂಗುತ್ತೇನೆ, ತಿಂಗಳಿಗೋ ಎರಡು ತಿಂಗಳಿಗೋ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತೇನೆ. ಹಾಗಿದ್ದೂ ವಾರದಲ್ಲಿ ಎರಡು ಸಮಾರಂಭಕ್ಕೆ ಅಡುಗೆ ಮಾಡುತ್ತೇನೆ, ಅದೂ ನಿಂತುಕೊಂಡು.

ಇದನ್ನು ಬರೆಯಬೇಕೆಂದು ಹಠ ಹಿಡಿದವಳು ನನ್ನ ಹೆಂಡತಿ ಸಾವಿತ್ರಿ. ಬೆಳಿಗ್ಗೆ ಹಾಸಿಗೆಯಿಂದ ಮೊದಲ ಹೆಜ್ಜೆ ಇಡಲು ಹೆದರುವವರು ನಮ್ಮ ಬೀದಿಯಲ್ಲೇ ಎಷ್ಟು ಜನ ಇದ್ದಾರೋ, ನಾವಂತೂ ನಾವೊಬ್ಬರೇ ಅಂದುಕೊಂಡು ಒದ್ದಾಡಿದೆವು, ಅವರಾದರೂ ಹಾಗೆ ಒದ್ದಾಡಬಾರದು ಎನ್ನುವುದು ಅವಳ ವಾದ. ನಾನು ಪಟ್ಟಿ ಬರೆಯುವವನು. ಇಷ್ಟು ಸೇರು ತೊಗರಿಬೇಳೆ, ಇಷ್ಟು ಹುಣಿಸೇಹಣ್ಣು ಎಂದು ಬರೆದು ತರಗುಪೇಟೆಗೆ ಹೋಗಿ ಬರುವುದಷ್ಟೇ ನನ್ನ ಸಾಹಿತ್ಯ. ಆದ್ದರಿಂದ ಇದರಲ್ಲಿ ಓರೆಕೋರೆ ಇದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆ ಚಾಮರಾಜಪೇಟೆಯಲ್ಲಿ. ಅಪ್ಪನೂ ಅಡುಗೆಯವರೇ. ಹದಿನೆಂಟನೆಯ ವಯಸ್ಸಿಗೆ ಅವರ ಹಿಂದೆ ಛತ್ರಕ್ಕೆ ಹೋಗಲು ಶುರುಮಾಡಿದೆ. ಛತ್ರದ ಅಡುಗೆಮನೆ ಅಂದರೆ ಕಲ್ಲುಚಪ್ಪಡಿಯ ನೆಲ, ಬೆಳಗಿನಿಂದ ಸಂಜೆಯವರೆಗೆ ಒದ್ದೆ. ಮಡಿಯಲ್ಲಿ ಬೇಯಿಸುವ ನಮಗೆ ಅಲ್ಲಿ ಬರಿಗಾಲೇ ಕಾನೂನು. ಕೊಡೆಯನ್ನೂ ಚಪ್ಪಲಿಯನ್ನೂ ಹಿತ್ತಿಲ ಬಾಗಿಲಲ್ಲಿ ಬಿಟ್ಟು, ಕಾಲು ತೊಳೆದು ಒಳಗೆ ಹೋಗುವುದು. ಒಳಗೆ ಚಪ್ಪಲಿ ಹಾಕಿಕೊಂಡ ಅಡುಗೆಯವನನ್ನು ನಾನು ಎಂದೂ ಕಂಡಿರಲಿಲ್ಲ. ಕಂಡಿದ್ದರೆ ಅವನ ಜೊತೆ ಜಗಳವನ್ನೇ ಆಡಿರುತ್ತಿದ್ದೆ.

ತೊಂಬತ್ತರ ದಶಕದ ನಡುವೆ, ನನಗೆ ನಲವತ್ತೈದರ ಆಸುಪಾಸಿನಲ್ಲಿ, ಪಾದದ ಮುಂಭಾಗ ನೋಯತೊಡಗಿತು. ಬೆರಳುಗಳ ಬುಡದಲ್ಲಿ ಒಂದೊಂದು ಹುಣಿಸೇಬೀಜ ಇಟ್ಟು ಅದರ ಮೇಲೆ ನಿಂತ ಹಾಗೆ. ಬೆಳಿಗ್ಗೆ ಎದ್ದರೆ ಪಾದ ನೆಲಕ್ಕೆ ಊರಲು ಆಗುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದೆ. ಹೊತ್ತೇರಿದ ಮೇಲೆ ಸಡಿಲವಾಗುತ್ತಿತ್ತು, ಆಗ ಹೆಂಡತಿಯ ಮುಂದೆ ಏನೂ ಆಗಿಲ್ಲ ಎಂಬಂತೆ ಓಡಾಡುತ್ತಿದ್ದೆ. ಅವಳೇನು ದಡ್ಡಿಯೇ. "ಏನ್ರೀ, ಗೋಡೆ ಮೇಲೆ ನಿಮ್ಮ ಕೈ ಗುರುತು ಸಾಲಾಗಿ ಬಿದ್ದಿದೆ, ಸುಣ್ಣ ಹೊಡೆಸ್ಬೇಕಾ, ಡಾಕ್ಟರ್ ಹತ್ರ ಹೋಗ್ಬೇಕಾ, ಯಾವುದು ಮೊದ್ಲು?" ಎಂದು ಕೇಳಿದಳು. ಸುಣ್ಣ ಹೊಡೆಸೋಣ ಅಂದೆ.

ಆಗ ನಾನು ಒಂದು ಘನಂದಾರಿ ಔಷಧಿ ಕಂಡುಹಿಡಿದೆ. ಕೊಪ್ಪರಿಗೆಯಲ್ಲಿ ಅನ್ನ ಬೆಂದ ಮೇಲೆ ಗಂಜಿ ಬಸಿಯುತ್ತೇವೆ. ಅದು ಅಡುಗೆಮನೆಯ ಅಂಚಿನ ಕಲ್ಲುಗಾಲುವೆಯಲ್ಲಿ ಹರಿದು ಹಿತ್ತಿಲಿಗೆ ಹೋಗುತ್ತದೆ. ಒಂದು ದಿನ ಬಸಿದು ಸ್ವಲ್ಪ ಹೊತ್ತಾದ ಮೇಲೆ ಆ ಕಾಲುವೆಯಲ್ಲಿ ಅಕಸ್ಮಾತ್ ಕಾಲಿಟ್ಟೆ. ಬೆಚ್ಚಗಿನ ಗಂಜಿ ಪಾದದ ಮೇಲೆ ಹರಿಯಿತು. ಸ್ವರ್ಗ ಅಂದರೆ ಇದೇ ಅನ್ನಿಸಿತು. ಅಂದಿನಿಂದ ಪ್ರತಿ ಅಡುಗೆಯಲ್ಲೂ ಗಂಜಿ ಬಸಿದ ಮೇಲೆ ನಾನು ಆ ಮೂಲೆಗೆ ಹೋಗಿ ಏನೋ ಯೋಚಿಸುವವನ ಹಾಗೆ ಗಂಭೀರವಾಗಿ ನಿಲ್ಲುತ್ತಿದ್ದೆ. ಆಗಲೇ ಹದಿನೈದು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೋಪಾಲ, ನನ್ನ ಚಿಕ್ಕಪ್ಪನ ಮಗ, ಇದನ್ನು ಗಮನಿಸಿ, ಅಣ್ಣ ಆ ಮೂಲೆಯಲ್ಲಿ ನಿಂತು ಜಪ ಮಾಡುತ್ತಾನೆಂದು ನಂಬಿದ್ದ. ಎಲ್ಲರಿಗೂ ಹಾಗೇ ಹೇಳಿಯೂ ಇದ್ದ.

ಏಳೆಂಟು ತಿಂಗಳು ಆ ಗಂಜಿಯೇ ನನ್ನ ವೈದ್ಯ. ಅಷ್ಟರಲ್ಲಿ ಪಾದದ ನೋವು ಮೇಲಕ್ಕೆ ಹತ್ತಿ ಎರಡೂ ಹರಡುಗಳು ಊದಿದವು. ಮೂಳೆಯ ಉಬ್ಬು ಕಾಣದಷ್ಟು ಊದಿದ್ದರೂ ನಾನು ಪಂಚೆಯನ್ನು ಇನ್ನಷ್ಟು ಕೆಳಗೆ ಇಳಿಬಿಟ್ಟು ಉಟ್ಟೆನೇ ಹೊರತು ಯಾರಿಗೂ ಹೇಳಲಿಲ್ಲ. ಹೇಳಿದರೆ ಏನಾಗುತ್ತದೆಂದು ಗೊತ್ತಿತ್ತು. ಅಡುಗೆಯವನ ಕಾಲು ಹೋಗಿದೆಯಂತೆ ಎಂಬ ಸುದ್ದಿ ಬಸವನಗುಡಿಯಲ್ಲಿ ಬೆಳಿಗ್ಗೆ ಹುಟ್ಟಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮಲ್ಲೇಶ್ವರ ಮುಟ್ಟುತ್ತದೆ. ಆಮೇಲೆ ನನ್ನನ್ನು ಕರೆಯುವವರು ಯಾರು? ನನಗೆ ಬೇರೆ ವಿದ್ಯೆ ಬರುವುದಿಲ್ಲ. ಬರುವುದಿಲ್ಲ ಎನ್ನುವುದಕ್ಕಿಂತ, ಬೇರೆಯದು ನನಗೆ ಬೇಕಾಗಿಯೂ ಇರಲಿಲ್ಲ. ಐನೂರು ಎಲೆಗೆ ಬಡಿಸಿದ ಹುಳಿಯ ಪರಿಮಳ ಛತ್ರದ ಮೆಟ್ಟಿಲವರೆಗೆ ಹೋಗುವುದನ್ನು ನೋಡುವಾಗ ಆಗುವ ಸಂತೋಷ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಒಂದು ಮದುವೆಯ ದಿನ ನಾನು ಕಾಲುವೆಯಲ್ಲಿ ನಿಂತಿದ್ದೆ. ಗೋಪಾಲ ನನಗೆ ಬೆನ್ನು ಹಾಕಿಕೊಂಡು ಎರಡನೆಯ ಕೊಪ್ಪರಿಗೆಯನ್ನು ಬಗ್ಗಿಸಿದ. ಕುದಿಯುವ ಗಂಜಿ ಬರುವುದು ಕಂಡಿತು, ಆದರೆ ಕಾಲು ಎತ್ತಲು ಆಗಲಿಲ್ಲ. ಬುದ್ಧಿ ಎತ್ತು ಅಂದಿತು, ಹರಡು ಕೇಳಲಿಲ್ಲ. ಎರಡೂ ಪಾದ ಬೆಂದವು. ಗೋಪಾಲ ನನ್ನನ್ನು ಎತ್ತಿ ತೌಡಿನ ಮೂಟೆಯ ಹಾಗೆ ಆಟೋಗೆ ಹಾಕಿದ. ದಾರಿಯುದ್ದಕ್ಕೂ ಅತ್ತವನು ಅವನು, ನಾನಲ್ಲ.

ನಮ್ಮ ಪೇಟೆಯ ಡಾಕ್ಟರಮ್ಮನಿಗೆ ಆಗಲೇ ವಯಸ್ಸಾಗಿತ್ತು. ನನ್ನ ಮಗಳು ಹುಟ್ಟಿದಾಗಿನಿಂದ ನಮ್ಮ ಮನೆಯವರಿಗೆಲ್ಲ ಅವರೇ. ಬೊಬ್ಬೆಗಳಿಗೆ ಮುಲಾಮು ಹಚ್ಚಿ, ಬಟ್ಟೆ ಸುತ್ತುವ ಮುಂಚೆ ಕನ್ನಡಕ ಏರಿಸಿ ಹರಡನ್ನು ನೋಡಿದರು. ಸುಡದೆ ಉಳಿದ ಕಡೆ ಪಾದದ ಎರಡು ಅಂಚನ್ನು ಮೆಲ್ಲಗೆ ಒತ್ತಿ ಹಿಡಿದರು. ನಾನು ಕೂಗಿದ್ದು ಹೊರಗೆ ಕೂತವರಿಗೂ ಕೇಳಿಸಿತಂತೆ.

"ಸುಟ್ಟಿದ್ದು ಹದಿನೈದು ದಿನಕ್ಕೆ ವಾಸಿ ಆಗತ್ತೆ. ಇದು ಎಷ್ಟು ದಿನದಿಂದ?" ಅಂದರು.

"ಈಗೀಗ ಸ್ವಲ್ಪ."

"ಒಂದು ವರ್ಷದ ಮೇಲಾಯ್ತು," ಎಂದಳು ಸಾವಿತ್ರಿ. ಅಷ್ಟು ದಿನ ಅವಳೂ ಲೆಕ್ಕ ಇಟ್ಟಿದ್ದಳು ಎಂದು ನನಗೆ ಗೊತ್ತೇ ಇರಲಿಲ್ಲ.

"ಬೆಳಿಗ್ಗೆ ಎದ್ದ ಮೇಲೆ ಕಾಲು ಸರಿಹೋಗಕ್ಕೆ ಎಷ್ಟು ಹೊತ್ತು ಬೇಕು ನಿಮಗೆ?"

"ಬೇಳೆ ಬೇಯೋಷ್ಟು ಹೊತ್ತು."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಕುಕ್ಕರ್‌ನಲ್ಲೋ, ಕೊಪ್ಪರಿಗೆಯಲ್ಲೋ?"

"ಕೊಪ್ಪರಿಗೆಯಲ್ಲಿ."

"ಹಾಗಾದ್ರೆ ಒಂದು ಗಂಟೆ ಮೇಲೆ," ಎಂದು ಬರೆದುಕೊಂಡರು. ಗಂಜಿಯ ವಿಷಯ ಕೇಳಿ ಬೈಯುತ್ತಾರೆಂದುಕೊಂಡಿದ್ದೆ. ಅವರು ಸಾವಿತ್ರಿಯ ಕಡೆ ತಿರುಗಿ, "ನಲವತ್ತು ವರ್ಷ ಡಾಕ್ಟರಿಕೆ ಮಾಡಿದೀನಿ, ಗಂಜಿಯಲ್ಲಿ ಬೆಂದ ಭಟ್ಟರು ಇವರೇ ಮೊದಲು" ಎಂದು ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ದೊಡ್ಡಾಸ್ಪತ್ರೆಯ ಕೀಲು ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಆ ನಗುವಿನಿಂದ ನನಗೆ ಎಷ್ಟು ಧೈರ್ಯ ಬಂತು ಎನ್ನುವುದನ್ನು ಅವರಿಗೆ ಹೇಳಲೇ ಇಲ್ಲ. ಈಗ ಅವರಿಲ್ಲ.

ದೊಡ್ಡಾಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನಾನು ಕಳೆದ ಬೆಳಗುಗಳನ್ನು ಕೂಡಿಸಿದರೆ ಒಂದು ಮದುವೆಯ ಸೀಸನ್ನೇ ಆದೀತು. ಚೀಟಿಯ ನಂಬರು ಬರುವವರೆಗೆ ಬೇರೆಯವರು ಮುಖ ನೋಡುತ್ತಾರೆ, ನಾನು ಕಾಲು ನೋಡುತ್ತಿದ್ದೆ. ಬೆಂಚಿನ ಕೆಳಗೆ ಎಷ್ಟು ಬಗೆಯ ಪಾದಗಳು. ಬೆರಳುಗಳೆಲ್ಲ ಒಂದೇ ಕಡೆ ವಾಲಿದ ಒಬ್ಬ ಟೈಪಿಸ್ಟ್ ಹುಡುಗಿ ಇದ್ದಳು. ಬಿನ್ನಿಪೇಟೆಯಿಂದ ಬರುತ್ತಿದ್ದ ಒಬ್ಬ ತರಕಾರಿ ವ್ಯಾಪಾರದ ಹೆಂಗಸು ತನ್ನ ಹಿಮ್ಮಡಿಯನ್ನು ಯಾವಾಗಲೂ ಸೆರಗಿನಿಂದ ಮುಚ್ಚಿ ಕೂರುತ್ತಿದ್ದಳು. ಒಂದು ದಿನ ಅವಳು ಬುತ್ತಿ ಬಿಚ್ಚಿದಾಗ ನಾನು ತಡೆಯಲಾರದೆ, "ಒಗ್ಗರಣೆ ಸೀದಿದೆ ಅಲ್ವಾ" ಅಂದುಬಿಟ್ಟೆ. ಸಾವಿತ್ರಿ ನನ್ನ ತೊಡೆ ಚಿವುಟಿದಳು. ಆ ಹೆಂಗಸು ಮಾತ್ರ ಬೇಜಾರು ಮಾಡಿಕೊಳ್ಳದೆ, "ಒಲೆ ಮುಂದೆ ನಿಂತ್ಕಳಕ್ಕಾಗಲ್ಲ ಸ್ವಾಮಿ, ಕೂತ್ಕಂಡು ಮಾಡಿದ್ರೆ ಇಂಗೇ ಆಗದು" ಎಂದಳು. ಮುಂದಿನ ಸಲ ಬರುವಾಗ ಸಾವಿತ್ರಿ ಅವಳಿಗೂ ಸೇರಿಸಿ ಚಿತ್ರಾನ್ನ ಕಟ್ಟಿಕೊಂಡು ಬಂದಳು.

ಕೀಲು ಡಾಕ್ಟರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಎಕ್ಸ್‌ರೇ ಹಿಡಿದು ನೋಡಿ, ರಕ್ತದ ರಿಪೋರ್ಟ್ ನೋಡಿ, ಇದು ರುಮಟಾಯ್ಡ್ ಆರ್ಥ್ರೈಟಿಸ್ ಅಂದರು. ನೆಲದ ಥಂಡಿಯಿಂದ ಬಂದಿದ್ದಲ್ಲ, ಯಾರ ತಪ್ಪೂ ಅಲ್ಲ ಎಂದೂ ಹೇಳಿದರು. ಅದು ನನಗಿಂತ ಸಾವಿತ್ರಿಗೆ ಬೇಕಾಗಿದ್ದ ಮಾತು. ಮನೆಯಲ್ಲಿ ತಣ್ಣೀರಲ್ಲಿ ಸ್ನಾನ ಮಾಡಿಸಿದ್ದರಿಂದಲೇ ಹೀಗಾಯಿತು ಎಂದು ನನ್ನ ಅಕ್ಕ ಅವಳ ಮೇಲೆ ಹೊರಿಸಿದ್ದಳು. ಅವಳು ಅದನ್ನು ಒಳಗೇ ಇಟ್ಟುಕೊಂಡು ಕೊರಗುತ್ತಿದ್ದಳು.

"ವಾಸಿ ಆಗತ್ತಾ ಡಾಕ್ಟ್ರೇ?" ಎಂದು ಅವಳು ಕೇಳಿದಳು.

"ಹಿಡಿತದಲ್ಲಿ ಇಡಬಹುದು. ಮಾತ್ರೆ ನಿಧಾನ, ಎರಡು ಮೂರು ತಿಂಗಳು ಕಾಯ್ಬೇಕು. ವಾರಕ್ಕೆ ಒಂದೇ ದಿನ ತಗೋಬೇಕು. ಆ ದಿನ ಹೊಟ್ಟೆ ತೊಳಸಬಹುದು. ದಿನಾ ತಗೊಂಡ್ರೆ ಅಪಾಯ, ಯಾವ ದಿನ ಅಂತ ಈಗಲೇ ಹೇಳಿ."

ನಾನು ತಡಮಾಡದೆ ಮಂಗಳವಾರ ಅಂದೆ. ಯಾಕೆ ಎಂದು ಕೇಳಿದರು. "ನಮ್ಮ ಕಡೆ ಮಂಗಳವಾರ ಮದುವೆ ಇಟ್ಕೊಳ್ಳಲ್ಲ, ಹೊಟ್ಟೆ ತೊಳಸಿದ್ರೂ ಪರವಾಗಿಲ್ಲ." ಡಾಕ್ಟರು ಮೊದಲ ಸಲ ನಕ್ಕರು. ಆಮೇಲೆ ನಗುತ್ತಲೇ ನನ್ನ ಮೇಲೆ ಕಲ್ಲು ಎತ್ತಿಹಾಕಿದರು. "ಇನ್ನೊಂದು ವಿಷಯ. ಇವತ್ತಿಂದ ಬರಿಗಾಲು ನೆಲಕ್ಕೆ ತಾಗಬಾರದು. ಮೆತ್ತನೆ ರಬ್ಬರ್ ಅಟ್ಟೆ ಇರೋ ಚಪ್ಪಲಿ, ಹಿಂದೆ ಪಟ್ಟಿ ಇರಬೇಕು. ಮನೆಯೊಳಗೂ ಹಾಕ್ಬೇಕು, ಅಡಿಗೆಮನೆಯಲ್ಲೂ ಹಾಕ್ಬೇಕು."

"ನಾನು ಅಡಿಗೆಯವನು, ಡಾಕ್ಟ್ರೇ."

"ಅದಕ್ಕೇ ಹೇಳ್ತಿರೋದು."

ಮಾತ್ರೆ ತಪ್ಪದೆ ತೆಗೆದುಕೊಂಡೆ. ಆಷಾಢ ಬಂದಿತ್ತು, ಮದುವೆಗಳಿರಲಿಲ್ಲ, ಒಂದು ತಿಂಗಳು ಕಾಲು ಚಾಚಿ ಕೂತೆ. ಕಾಲ್ಬೆರಳಿನಿಂದ ಟವೆಲ್ ಎಳೆದುಕೊಳ್ಳುವ ವ್ಯಾಯಾಮ ಹೇಳಿಕೊಟ್ಟಿದ್ದರು. ಆಗ ಪಿಯುಸಿ ಓದುತ್ತಿದ್ದ ನನ್ನ ಮಗಳು ಎದುರು ಕೂತು ಟವೆಲ್‌ನ ಇನ್ನೊಂದು ತುದಿಯನ್ನು ತನ್ನ ಬೆರಳಿನಿಂದ ಎಳೆಯುತ್ತಿದ್ದಳು. ಅವಳು ಬೇಕೆಂದೇ ಸೋಲುತ್ತಿದ್ದಳು, ನಾನು ಗೆದ್ದೆ ಎಂದು ಬೀಗುತ್ತಿದ್ದೆ. ಮೂರನೆಯ ತಿಂಗಳ ಕೊನೆಗೆ ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋದೆ. ಹೋದ ಮೇಲೆಯೇ ನನಗೆ ಅದು ಗೊತ್ತಾದದ್ದು. ವಾಪಸ್ ಬರುವಾಗ ಸಾವಿತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಚಪ್ಪಲಿಯ ವಿಷಯದಲ್ಲಿ ಮಾತ್ರ ನಾನು ಡಾಕ್ಟರಿಗೆ ಸುಳ್ಳು ಹೇಳಿದೆ. ಹಾಕಿಕೊಳ್ಳುತ್ತೇನೆ ಎನ್ನುತ್ತಿದ್ದೆ, ಛತ್ರಕ್ಕೆ ಹೋಗಿ ಬರಿಗಾಲಲ್ಲಿ ನಿಲ್ಲುತ್ತಿದ್ದೆ. ಒಂದೂವರೆ ವರ್ಷ ಹೀಗೆ ನಡೆಯಿತು. ಪಾದಗಳು ಪರವಾಗಿಲ್ಲ ಅನ್ನುವಂತಿದ್ದವು, ಬಲ ಹರಡು ಕೈಕೊಟ್ಟಿತು. ಅದರೊಳಗೆ ಇಂಜೆಕ್ಷನ್ ಹಾಕಿಸಿಕೊಂಡೆ, ಎರಡು ತಿಂಗಳು ಹಿತವಾಗಿತ್ತು, ಮತ್ತೆ ಅದೇ ರಾಗ. ಡಾಕ್ಟರು ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕ ಹಿಡಿದು ನೋಡಿದರು.

"ನೀವು ಚಪ್ಪಲಿ ಹಾಕ್ತಿಲ್ಲ," ಅಂದರು. "ಇನ್ನೊಂದು ವರ್ಷ ಹೀಗೇ ನಿಂತ್ರೆ ಈ ಕೀಲು ಬೆಸೆಯೋ ಆಪರೇಷನ್ ಮಾಡ್ಬೇಕಾಗತ್ತೆ. ಆಮೇಲೆ ಆರು ತಿಂಗಳು ಅಡಿಗೆ ಮರೆತುಬಿಡಿ. ಒಂದೋ ಚಪ್ಪಲಿ ಹಾಕಿ, ಇಲ್ಲ ನಿಲ್ಲೋದು ಬಿಡಿ."

ನಿಲ್ಲುವುದನ್ನು ಬಿಟ್ಟು ನೋಡಿದೆ. ಬಸವನಗುಡಿಯಲ್ಲಿ ಒಂದು ಉಪನಯನಕ್ಕೆ ಗೋಪಾಲ ಅಡುಗೆಮನೆಯ ನಡುವೆ ನನಗೆ ಮಡಚುವ ಕುರ್ಚಿ ಹಾಕಿದ. "ಅಣ್ಣ, ನೀನು ರಾಜನ ಹಾಗೆ ಕೂತ್ಕೋ, ಹೇಳ್ತಾ ಇರು, ನಾವು ಮಾಡ್ತೀವಿ." ನಮ್ಮಲ್ಲಿ ದೇವರಿಗೆ ನೈವೇದ್ಯ ಆಗುವವರೆಗೆ ಯಾರೂ ರುಚಿ ನೋಡುವಂತಿಲ್ಲ. ಉಪ್ಪು ಸಾಕೋ ಬೇಕೋ ಎನ್ನುವುದನ್ನು ಕೊಪ್ಪರಿಗೆಯ ಮೇಲೆ ಬಗ್ಗಿ, ಏಳುವ ಆವಿಯ ವಾಸನೆಯಿಂದ, ಕುದಿಯುವ ಬಗೆಯಿಂದ ತಿಳಿಯಬೇಕು. ಅಪ್ಪ ನನಗೆ ಕಲಿಸಿದ್ದು ಅದೊಂದೇ, ಉಳಿದದ್ದನ್ನೆಲ್ಲ ಯಾರು ಬೇಕಾದರೂ ಕಲಿಯಬಹುದು. ಕುರ್ಚಿಯಲ್ಲಿ ಕೂತ ನನ್ನ ಮೂಗಿಗೆ ಸೌದೆಯ ಹೊಗೆ ಬಿಟ್ಟು ಬೇರೇನೂ ಬರಲಿಲ್ಲ. ಅಂದಿನ ಸಾರಿಗೆ ಉಪ್ಪೇ ಇರಲಿಲ್ಲ. ಎಲೆಯ ಮುಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡಿ ಉಪ್ಪಿನ ಬಟ್ಟಲಿಗೆ ಕೈ ಹಾಕಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಅವಮಾನದಿಂದ ನೆಲಕ್ಕಿಳಿದು ಹೋದೆ. ಮನೆಗೆ ಬಂದು ಇನ್ನು ಅಡುಗೆ ಸಾಕು ಅಂದೆ.

ಮಾರನೆಯ ಬೆಳಿಗ್ಗೆ ಸಾವಿತ್ರಿ, ಡಾಕ್ಟರು ಚಪ್ಪಲಿಗೆಂದು ಬರೆದುಕೊಟ್ಟಿದ್ದ ಹಳೆಯ ಚೀಟಿಯನ್ನು ಪೆಟ್ಟಿಗೆಯಿಂದ ತೆಗೆದು, ಆಟೋ ಕರೆದು, ನನ್ನನ್ನು ಗಾಂಧಿ ಬಜಾರಿನ ಹತ್ತಿರ ಮರದ ಕೆಳಗೆ ಕೂರುವ ಮುನಿಯಪ್ಪನ ಮುಂದೆ ಇಳಿಸಿದಳು. ಮುನಿಯಪ್ಪ ಚಪ್ಪಲಿ ಹೊಲಿಯುವವನು. ಆಸ್ಪತ್ರೆಯವರು ಹೇಳಿದ ಹಾಗೆ ವಿಶೇಷ ಅಟ್ಟೆ ಕಟ್ಟಿಕೊಡುವುದರಲ್ಲಿ ಎತ್ತಿದ ಕೈ ಎಂದು ಅವಳು ಎಲ್ಲೋ ವಿಚಾರಿಸಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವನಿರಬೇಕು.

ಅವನು ಚೀಟಿ ಓದಲಿಲ್ಲ. ನನ್ನ ಬಲಗಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಹೆಬ್ಬೆಟ್ಟಿನಿಂದ ಒಂದೊಂದೇ ಗಂಟನ್ನು ಒತ್ತಿ, "ಇಲ್ಲಿ ನೋಯ್ತದಾ, ಇಲ್ಲಿ?" ಎಂದು ಕೇಳುತ್ತಾ ಹೋದ. ನೂಲಿನಿಂದ ಸುತ್ತಳತೆ ತೆಗೆದು ಗಂಟು ಹಾಕಿದ. ನಮಸ್ಕಾರ ಮಾಡುವವರನ್ನು ಬಿಟ್ಟರೆ ನನ್ನ ಕಾಲನ್ನು ಅಷ್ಟು ಹೊತ್ತು ಹಿಡಿದುಕೊಂಡವರು ಯಾರೂ ಇರಲಿಲ್ಲ. ಕಾಲು ಹಿಂದಕ್ಕೆಳೆದುಕೊಳ್ಳಬೇಕೆಂದು ಸಂಕೋಚವಾಯಿತು. ಅವನು ಬಿಡಲಿಲ್ಲ.

"ಅಡಿಗೆಮನೆಗೆ ಅಲ್ವಾ ಸ್ವಾಮಿ? ಹಂಗಾರೆ ಚರ್ಮ ಬ್ಯಾಡ. ರಬ್ಬರು, ಮೇಲಕ್ಕೆ ಕ್ಯಾನ್ವಾಸ್ ಪಟ್ಟಿ. ನೀರಾಗೆ ಜಾರದಂಗೆ ಕೆಳಗೆ ಗೀರು ಹಾಕ್ತೀನಿ."

ಚರ್ಮ ಬೇಡವೆಂದು ನಾವು ಹೇಳಿರಲಿಲ್ಲ, ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ತಡವರಿಸುತ್ತಿದ್ದೆವು. ನಾನು ಅಡುಗೆಯವನೆಂದು ಹೇಗೆ ಗೊತ್ತು ಎಂದು ಕೇಳಿದೆ.

"ನಿಮ್ಮ ಅಡಿಗೆ ಉಂಡಿದೀನಿ ಸ್ವಾಮಿ. ಛತ್ರದ ಹಿತ್ತಿಲಾಗೆ, ಪಂಕ್ತಿ ಎಲ್ಲ ಮುಗಿದ್ಮೇಲೆ ಕೊಡ್ತಿದ್ರಲ್ಲ. ಹುಳಿ ಸೆಂದಾಗಿತ್ತು."

ಅವನು ಅದನ್ನು ಮೆಚ್ಚುಗೆಯಿಂದಲೇ ಹೇಳಿದ. ನನಗೆ ಮಾತ್ರ ಮುಖ ಎತ್ತಲು ಆಗಲಿಲ್ಲ. ಮಿಕ್ಕಿದ್ದನ್ನು ಹಿತ್ತಿಲ ಬಾಗಿಲಲ್ಲಿ ಕೊಡುವಾಗ ಎದುರು ನಿಂತವರ ಮುಖವನ್ನು ನಾನು ಒಂದು ದಿನವೂ ನೋಡಿರಲಿಲ್ಲ. ವಾರದ ಮೇಲೆ ಚಪ್ಪಲಿ ತರಲು ಹೋದಾಗ ಬೆಳಗಿನ ಬಿಸಿ ಹುಳಿ, ಅನ್ನ ತೆಗೆದುಕೊಂಡು ಹೋದೆ. ಅವನು ಕೈತೊಳೆದು ಅಲ್ಲೇ ಊಟ ಮಾಡಿ, ಇವತ್ತು ಉಪ್ಪು ಒಂದು ಕಲ್ಲು ಜಾಸ್ತಿ ಅಂದ. ನಿಜ, ಜಾಸ್ತಿಯೇ ಆಗಿತ್ತು. ಅಂದಿನಿಂದ ನಾವು ಸ್ನೇಹಿತರು.

ಆ ಚಪ್ಪಲಿಯನ್ನು ಮನೆಯ ಅಡುಗೆಮನೆಯಲ್ಲಿ ಹಾಕಿಕೊಂಡು ನಿಂತೆ. ಸಾವಿತ್ರಿ ಒಲೆಯ ಪಕ್ಕದಿಂದ ಸರಿದು ಜಾಗ ಬಿಟ್ಟಳು. ಅರ್ಧ ಗಂಟೆ ನಿಂತರೂ ಹರಡು ಸುಮ್ಮನಿತ್ತು. "ಬೀದಿ ನೋಡದೇ ಇರೋದು ಚಪ್ಪಲಿ ಹೇಗಾಗತ್ತೆ" ಎಂದು ಅವಳು ತೀರ್ಪು ಕೊಟ್ಟು, ಬಿಳಿ ಬಟ್ಟೆಯ ಚೀಲವೊಂದನ್ನು ಅದಕ್ಕೆಂದೇ ಹೊಲಿದಳು. ಮನೆಯಲ್ಲಿ ತೀರ್ಪು ಸಿಕ್ಕಿತು, ಛತ್ರದಲ್ಲಿ ಯಾರು ಕೊಡುತ್ತಾರೆ?

ಆ ಹೊತ್ತಿಗೆ ಸರಿಯಾಗಿ ಮಲ್ಲೇಶ್ವರದ ಜಾನಕಮ್ಮನವರ ಮೊಮ್ಮಗಳ ಮದುವೆ ಬಂತು. ಜಾನಕಮ್ಮನವರ ಮಡಿ ನಮ್ಮ ಅಡುಗೆಯವರ ವಲಯದಲ್ಲಿ ಹೆಸರುವಾಸಿ. ಕೆಮ್ಮಿದನೆಂದು ಒಬ್ಬನನ್ನು, ವಾಚು ಕಟ್ಟಿಕೊಂಡು ಹಿಟ್ಟು ಕಲಸಿದನೆಂದು ಇನ್ನೊಬ್ಬನನ್ನು ಅರ್ಧ ಅಡುಗೆಯಲ್ಲೇ ಮನೆಗೆ ಕಳಿಸಿದವರು. ಅವರ ಮಕ್ಕಳ ಮೂರೂ ಮದುವೆಗೆ ನಾನೇ ಅಡುಗೆ ಮಾಡಿದ್ದೆ. ಅವರು ಒಂದು ಸಲ ನನ್ನನ್ನು ಬೇಡ ಅಂದರೆ ಬೇರೆ ಮನೆಗಳ ಬಾಗಿಲೂ ಮುಚ್ಚಿದ ಹಾಗೆಯೇ. ಗೋಪಾಲ ಕೈಮುಗಿದು ಬೇಡಿಕೊಂಡ, "ಅಣ್ಣ, ಇದೊಂದಕ್ಕೆ ಬರಿಗಾಲಲ್ಲಿ ನಿಂತ್ಬಿಡು, ಆಮೇಲೆ ನೋಡೋಣ." ನಾನೂ ಹಾಗೆಯೇ ಅಂದುಕೊಂಡಿದ್ದೆ. ಸಾವಿತ್ರಿ ಚೀಲವನ್ನು ನನ್ನ ಕೈಗೆ ಕೊಡದೆ ತಾನೇ ಹಿಡಿದುಕೊಂಡು ಛತ್ರಕ್ಕೆ ಬಂದಳು. ಹಿತ್ತಿಲ ಬಾಗಿಲಲ್ಲಿ ಬಗ್ಗಿ ಚಪ್ಪಲಿಯನ್ನು ನನ್ನ ಕಾಲ ಮುಂದೆ ಜೋಡಿಸಿಟ್ಟಳು.

"ನಿಮ್ಮನ್ನ ಮನೆಗೆ ಕಳಿಸಿದ್ರೆ ಕಳಿಸ್ಲಿ. ನಡ್ಕೊಂಡು ಬರ್ತೀರಲ್ಲ, ನನಗಷ್ಟು ಸಾಕು," ಎಂದಳು.

ಹಾಕಿಕೊಂಡು ಒಳಗೆ ಹೋದೆ. ಜೊತೆಯವರು ನೋಡಿದರು, ನೋಡದ ಹಾಗೆ ತರಕಾರಿ ಹೆಚ್ಚಿದರು. ಬೆಳಗಿನ ತಿಂಡಿ ಆಯಿತು, ಹುಳಿಗೆ ಬೇಳೆ ಬೆಂದಿತು. ಕೊಪ್ಪರಿಗೆಯ ಮೇಲೆ ಬಗ್ಗಿ ಆವಿ ಹಿಡಿದೆ. ಒಂದು ಹಿಡಿ ಉಪ್ಪು ಕಡಿಮೆ. ಹಾಕಿದೆ. ಎಷ್ಟೋ ತಿಂಗಳ ಮೇಲೆ ನನ್ನ ಗಮನ ಪೂರ್ತಿಯಾಗಿ ಹುಳಿಯ ಮೇಲಿತ್ತು, ಕಾಲಿನ ಮೇಲಿರಲಿಲ್ಲ. ಆದ್ದರಿಂದಲೇ ಜಾನಕಮ್ಮನವರು ಬಾಗಿಲಲ್ಲಿ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಗೋಪಾಲನ ಸೌಟು ನಿಂತಿತು. ತಿರುಗಿ ನೋಡಿದರೆ ಅವರ ಕಣ್ಣು ನೇರವಾಗಿ ನನ್ನ ಪಾದದ ಮೇಲೆ.

"ಗೋಪಾಲ, ಎಲ್ಲರನ್ನೂ ಐದ್ನಿಮಿಷ ಹಿತ್ತಿಲಿಗೆ ಕರ್ಕೊಂಡು ಹೋಗು," ಅಂದರು.

ಎಲ್ಲರೂ ಹೋದರು. ನಾನು ಬಾಯಿಪಾಠ ಮಾಡಿಟ್ಟುಕೊಂಡದ್ದನ್ನೆಲ್ಲ ಒದರಿದೆ. ಚರ್ಮ ಅಲ್ಲ, ರಬ್ಬರು. ಬೀದಿ ನೋಡಿಲ್ಲ. ಇವತ್ತು ಬೆಳಿಗ್ಗೆಯೂ ತೊಳೆದಿದ್ದು. ಇದಿಲ್ಲದೆ ನಿಲ್ಲೋಕೆ ಆಗಲ್ಲ ಅಮ್ಮ, ನಿಮಗೆ ಬೇಡ ಅಂದ್ರೆ ಈಗಲೇ ಹೋಗ್ತೀನಿ, ಗೋಪಾಲ ಮುಗಿಸ್ತಾನೆ. ಅವರು ನನ್ನ ಮಾತು ಕೇಳುತ್ತಿದ್ದರೋ ಇಲ್ಲವೋ, ತರಕಾರಿ ಹೆಚ್ಚುವ ಬೆಂಚನ್ನು ಹಿಡಿದುಕೊಂಡು ಮೆಲ್ಲಗೆ ಕೂತರು. ಬಾಗಿಲ ಕಡೆ ಒಮ್ಮೆ ನೋಡಿ, ರೇಷ್ಮೆ ಸೀರೆಯ ಅಂಚನ್ನು ನಾಲ್ಕು ಬೆರಳು ಮೇಲಕ್ಕೆತ್ತಿದರು.

ಕಾಲ್ಬೆರಳುಗಳು ಒಂದರ ಮೇಲೊಂದು ಏರಿದ್ದವು. ಹರಡು ಅನ್ನುವುದು ಕಾಣುತ್ತಲೇ ಇರಲಿಲ್ಲ. ನನ್ನ ಕಾಲು ಅದರ ಮುಂದೆ ಏನೂ ಅಲ್ಲ.

"ಬೆಳಿಗ್ಗೆ ಎದ್ದಾಗ ನಿಮಗೂ ನೆಲಕ್ಕೆ ಊರಕ್ಕೆ ಆಗ್ತಿರಲಿಲ್ವಾ?" ಎಂದು ಕೇಳಿದರು.

"ಆಗ್ತಿರಲಿಲ್ಲ ಅಮ್ಮ."

"ಇಪ್ಪತ್ತು ವರ್ಷ ಆಯ್ತು. ವಯಸ್ಸಾಯ್ತು ಅಂದ್ಕೊಂಡು ಸುಮ್ಮನಿದ್ದೆ. ಅಡಿಗೆಮನೆಯಲ್ಲಿ ನಿಂತು ಅಳು ಬಂದ್ರೆ ಈರುಳ್ಳಿ ಅಂತಲೂ ಹೇಳೋ ಹಾಗಿಲ್ಲ, ನಮ್ಮನೇಲಿ ಈರುಳ್ಳಿ ಹಾಕಲ್ವಲ್ಲ." ಅವರು ನಕ್ಕರು. ನಗುತ್ತಿದ್ದವರ ಕಣ್ಣಲ್ಲಿ ನೀರು ತುಂಬಿತು. ನಾನೂ ಅತ್ತೆ. ಐವತ್ತರ ಹತ್ತಿರದ ಅಡುಗೆಯವನೂ ಎಪ್ಪತ್ತು ದಾಟಿದ ಮಡಿಯಮ್ಮನೂ ಕುದಿಯುವ ಹುಳಿಯ ಪಕ್ಕದಲ್ಲಿ ಕೂತು ಅತ್ತೆವು. ನಾಚಿಕೆಯೇನೂ ಆಗಲಿಲ್ಲ.

ಡಾಕ್ಟರಿಗೆ ತೋರಿಸಬೇಕು ಅಮ್ಮ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಆಗಲಿ ಅಂದರು. ಚಪ್ಪಲಿಯನ್ನು ಎಲ್ಲಿ ಮಾಡಿಸಿದಿರಿ ಎಂದು ಕೇಳಿದರು. ಮುನಿಯಪ್ಪನ ಹೆಸರು ಹೇಳಿ, ಅವನು ಕಾಲು ಮುಟ್ಟಿ ನೋಡಬೇಕು, ಅಳತೆ ಬೇಕು ಎಂದೆ. ಅವರು ತಮ್ಮ ಪಾದವನ್ನು ಒಮ್ಮೆ ನೋಡಿಕೊಂಡರು. "ಆಸ್ಪತ್ರೆಗೆ ಹೋದ ದಿನ ಅವರ ಹತ್ರಾನೂ ಹೋಗೋಣ. ಅಲ್ಲಿವರೆಗೆ ನಿಲ್ಲೋಕೆ ಏನಾದ್ರೂ ಬೇಕಲ್ಲ, ಒಂದು ಅಂದಾಜಿನ ಅಳತೆ ಈಗಲೇ ತಗೊಳ್ಳಿ."

ಕೊತ್ತಂಬರಿ ಸೊಪ್ಪು ಸುತ್ತಿ ತಂದ ವೃತ್ತಪತ್ರಿಕೆಯನ್ನು ಕೊಡವಿ ನೆಲಕ್ಕೆ ಹಾಸಿದೆ. ಒಲೆಯಿಂದ ಆರಿದ ಇದ್ದಿಲಿನ ಚೂರು ತೆಗೆದುಕೊಂಡು ಅವರ ಮುಂದೆ ಕುಕ್ಕುರುಗಾಲಲ್ಲಿ ಕೂರಲು ಹೋದೆ, ಹರಡು ಬಗ್ಗಲಿಲ್ಲ, ನೆಲದ ಮೇಲೇ ಕೂತೆ. ಅವರ ಪಾದವನ್ನು ಎತ್ತಿ ಕಾಗದದ ಮೇಲಿಟ್ಟು ಸುತ್ತಲೂ ಗೆರೆ ಎಳೆದೆ. ಹೊರಗೆ ಗಟ್ಟಿಮೇಳ ಶುರುವಾಯಿತು. ಯಾರೋ, "ಅಜ್ಜಿ ಎಲ್ಲಿ, ಧಾರೆಗೆ ಕರೀತಿದಾರೆ" ಎಂದು ಕೂಗುತ್ತಾ ಮೆಟ್ಟಿಲು ಹತ್ತಿ ಹೋದರು. ನಾನು ಕಾಗದ ಮಡಿಸಿಕೊಂಡು ಏಳಲು ಹೊರಟೆ.

"ತಡೀರಿ ಭಟ್ರೇ," ಎಂದು ಜಾನಕಮ್ಮನವರು ಸೀರೆಯ ಅಂಚನ್ನು ಮತ್ತೆ ಎತ್ತಿ ಹಿಡಿದರು. "ಇನ್ನೊಂದು ಕಾಲೂ ಬರ್ಕೊಳ್ಳಿ. ಎರಡೂ ಒಂದೇ ಥರ ಊದಿಲ್ಲ."